ಜೀಪಿನ ಗೌಡರು, ಜಿಪ್ಸಿ ವಕೀಲರು

ಭಾನುವಾರ ಬೆಳಿಗ್ಗೆ ಏಳರ ಸುಮಾರಿಗೆ ಕಲಬುರಗಿಯ ಐವಾನ್-ಎ-ಶಾಹಿ ಕಡೆ ವಾಯುವಿಹಾರಕ್ಕೆ ಹೋದವರಿಗೆ ಒಂದು ಬೇವಿನ ಮರದ ಕೆಳಗೆ ನಾಲ್ಕು ವಾಹನಗಳು ಸಾಲಾಗಿ ನಿಂತಿರುವುದು ಕಾಣಿಸುತ್ತದೆ. ಪಕ್ಕದಲ್ಲೇ ಚಹಾದ ಡಬ್ಬಿ ಅಂಗಡಿ. ನಿಜಾಮರು ಊರಿಗೆ ಬಂದಾಗ ಇಳಿದುಕೊಳ್ಳಲೆಂದು ಕಟ್ಟಿದ ಕಟ್ಟಡ ಈಗ ಸರಕಾರಿ ಅತಿಥಿಗೃಹವಾಗಿರುವುದರಿಂದ ಮಂತ್ರಿಗಳ, ಅಧಿಕಾರಿಗಳ ಥಳಥಳ ಹೊಳೆಯುವ ಕಾರುಗಳು ಆ ದಾರಿಯಲ್ಲಿ ಓಡಾಡುತ್ತಲೇ ಇರುತ್ತವೆ. ಬೇವಿನ ಮರದ ಕೆಳಗಿನವರು ಅವುಗಳ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಮುಂದಿನ ಎರಡು ಗಾಲಿಗೆ ಎಂಜಿನ್ನಿನ ಶಕ್ತಿ ಹೋಗದ ವಾಹನವನ್ನು ಅವರು ವಾಹನವೆಂದೇ ಎಣಿಸುವುದಿಲ್ಲ.

ಮೊದಲನೆಯದು ಗೌಡರ ಮಹೀಂದ್ರಾ ಜೀಪು, 1988ರದು. ಎರಡನೆಯದು ವಕೀಲರ ಮಾರುತಿ ಜಿಪ್ಸಿ, 1998ರದು. ಮೂರನೆಯದು ಒಬ್ಬ ಕಾಂಟ್ರಾಕ್ಟರರ ಫೋರ್ಸ್ ಗೂರ್ಖಾ. ಕೊನೆಯದು ಒಬ್ಬ ಹುಡುಗ ಡಾಕ್ಟರನ ಥಾರ್. ನಾಲ್ವರಿಗೂ ಹೆಸರುಗಳಿವೆಯಾದರೂ ಚಹಾ ಅಂಗಡಿಯವನಿಗೆ ಅವು ಬೇಕಾಗಿಲ್ಲ. "ಜೀಪಿನವ್ರಿಗಿ ಸಕ್ರಿ ಕಮ್ಮಿ, ಜಿಪ್ಸಿಯವ್ರಿಗಿ ಕಡಕ್" ಎಂದು ಕೂಗಿದರೆ ಗ್ಲಾಸುಗಳು ಸರಿಯಾದ ಕೈ ಸೇರುತ್ತವೆ.

ಗೌಡರೂ ವಕೀಲರೂ ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಕೂತವರು. ಎಪ್ಪತ್ತು ದಾಟಿದ ಮೇಲೂ ಇಬ್ಬರ ನಡುವೆ ಏಕವಚನವೇ. "ಏ ವಕೀಲಾ, ನಿನ್ನ ಗಾಡಿ ಶುರು ಮಾಡಿದ್ರ ಹೊಲಿಗಿ ಮಷೀನ್ ಸಪ್ಪಳ ಬರ್ತದಲ್ಲೋ. ಜರಾ ನನ್ನ ಅಂಗಿಗಿ ಗುಂಡಿ ಹಚ್ಚಿ ಕೊಡು" ಎಂದು ಗೌಡರು ಆರಂಭಿಸುತ್ತಾರೆ. "ನಿನ್ನ ಜೀಪಿನ ಸ್ಟೇರಿಂಗ್ ತಿರುವಿದ್ರ ಗಾಲಿಗಿ ಸುದ್ದಿ ಮುಟ್ಟಾದು ಮರುದಿನದ ಟಪಾಲಿಗೆ. ಮೊದ್ಲ ಅದನ್ನ ನೋಡ್ಕೊ" ಎಂದು ವಕೀಲರು ಪ್ರತಿವಾದ ಹೂಡುತ್ತಾರೆ. ಕಾಂಟ್ರಾಕ್ಟರರಿಗೆ ವಯಸ್ಸು ಐವತ್ತು. ಅವರು ಇಬ್ಬರನ್ನೂ "ಸಾಹೇಬ್ರ" ಎಂದು ಬಹುವಚನದಲ್ಲಿ ಕರೆಯುತ್ತಲೇ ಇಬ್ಬರ ಗಾಡಿಗಳನ್ನೂ ಹೀಗಳೆಯುವ ಕಲೆಯನ್ನು ಸಾಧಿಸಿಕೊಂಡಿದ್ದಾರೆ. ಡಾಕ್ಟರ್ ಹುಡುಗ ಎಲ್ಲರನ್ನೂ "ಕಾಕಾ" ಎನ್ನುತ್ತಾನೆ. ಅವನ ಗಾಡಿಯಲ್ಲಿ ಏರ್ ಕಂಡೀಷನ್ ಇರುವುದರಿಂದ ಅವನ ಮಾತಿಗೆ ಈ ಸಭೆಯಲ್ಲಿ ಅಷ್ಟು ಬೆಲೆಯಿಲ್ಲ. ಆದರೆ ಏಪ್ರಿಲ್ ತಿಂಗಳ ಕಲಬುರಗಿಯ ಬಿಸಿಲಿನಲ್ಲಿ ಎಲ್ಲಿಗಾದರೂ ಹೋಗಬೇಕಾದಾಗ ಮೂವರು ಹಿರಿಯರೂ ಸದ್ದಿಲ್ಲದೆ ಅವನ ಗಾಡಿಯಲ್ಲೇ ಹೋಗಿ ಕೂಡುತ್ತಾರೆ ಎಂಬುದನ್ನೂ ಹೇಳಬೇಕು.

ಇಂಥ ಜಗಳ ಕಲಬುರಗಿಯ ಸ್ವತ್ತೇನಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಮಾಲೀಕರಲ್ಲಿ ಇದು ತಂದೆಯಿಂದ ಮಗನಿಗೆ ಬಂದಿದೆ. ಆಸ್ಟ್ರೇಲಿಯಾದಲ್ಲಿ ಟೊಯೋಟಾ ಲ್ಯಾಂಡ್ ಕ್ರೂಸರಿನವರಿಗೂ ನಿಸ್ಸಾನ್ ಪೆಟ್ರೋಲಿನವರಿಗೂ ದಶಕಗಳಿಂದ ಇದೇ ಕಥೆ. ನೋಡಹೋದರೆ ಜೀಪು ಹುಟ್ಟಿದ್ದೇ ಪೈಪೋಟಿಯಿಂದ. 1940ರಲ್ಲಿ ಅಮೆರಿಕದ ಸೈನ್ಯಕ್ಕೆ ಹಗುರವಾದ, ನಾಲ್ಕೂ ಗಾಲಿಗೆ ಶಕ್ತಿಯಿರುವ ಒಂದು ಗಾಡಿ ಬೇಕಾಯಿತು. ಮಾದರಿ ಮಾಡಿ ತರಲು ಕೊಟ್ಟ ಗಡುವು 49 ದಿನ. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಗಡುವಿನ ಕೊನೆಯ ದಿನ, ಸೆಪ್ಟೆಂಬರ್ 23ರಂದು, ಗಾಡಿಯನ್ನು ತಂದು ನಿಲ್ಲಿಸಿತು. ಸೈನ್ಯಕ್ಕೆ ಗಾಡಿ ಹಿಡಿಸಿತು, ಕಂಪನಿಯ ಗಾತ್ರ ಹಿಡಿಸಲಿಲ್ಲ. ನಕ್ಷೆಗಳು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳ ಕೈಗೂ ಹೋದವು. ಕೊನೆಗೆ ಗೆದ್ದದ್ದು ವಿಲ್ಲೀಸಿನ ಎಂಜಿನ್. ಮುಂಭಾಗದ ಕಬ್ಬಿಣದ ತಗಡಿನ ಜಾಲರಿ ಫೋರ್ಡಿನದು. ಯುದ್ಧ ಮುಗಿಯುವ ಹೊತ್ತಿಗೆ ಇವೆರಡು ಕಂಪನಿಗಳು ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದ್ದವು. ಮೊದಲು ಓಡಿ ಬಂದ ಬ್ಯಾಂಟಮ್ ಕಂಪನಿಗೆ ಜೀಪಿನ ಹಿಂದೆ ಕಟ್ಟುವ ಟ್ರೈಲರು ಮಾಡುವ ಕೆಲಸ ಉಳಿಯಿತು. ಯುದ್ಧದ ನಂತರ ಮಾರಿಸ್ ವಿಲ್ಕ್ಸ್ ಎಂಬ ಇಂಗ್ಲಿಷ್ ಎಂಜಿನಿಯರು ತನ್ನ ಹೊಲದಲ್ಲಿ ಇಂಥದೇ ಒಂದು ವಿಲ್ಲೀಸ್ ಜೀಪು ಓಡಿಸುತ್ತ, ಇದಕ್ಕಿಂತ ಚೆನ್ನಾದದ್ದನ್ನು ನಾವೇಕೆ ಮಾಡಬಾರದು ಎಂದುಕೊಂಡದ್ದರಿಂದ 1948ರಲ್ಲಿ ಲ್ಯಾಂಡ್ ರೋವರ್ ಬಂತು.

ಈ ಚರಿತ್ರೆ ಗೌಡರಿಗೆ ಬಾಯಿಪಾಠ. ಅದರಲ್ಲಿ ಕಲಬುರಗಿಗೆ ಸಂಬಂಧಿಸಿದ ಒಂದು ಎಳೆಯನ್ನು ಅವರು ಹೊಸಬರು ಸಿಕ್ಕಾಗಲೆಲ್ಲ ಹೊರತೆಗೆಯುತ್ತಾರೆ. ಇಂದಿನ ಮಹೀಂದ್ರಾ ಕಂಪನಿ 1945ರಲ್ಲಿ ಶುರುವಾದಾಗ ಅದರ ಹೆಸರು ಮಹೀಂದ್ರಾ ಅಂಡ್ ಮೊಹಮ್ಮದ್. ಆ ಮೊಹಮ್ಮದ್ ಎಂದರೆ ಗುಲಾಮ್ ಮೊಹಮ್ಮದ್. ಹೈದರಾಬಾದಿನ ನಿಜಾಮರ ಬಳಿ ಹಣಕಾಸಿನ ಹೊಣೆ ಹೊತ್ತಿದ್ದವರು. ದೇಶ ಇಬ್ಭಾಗವಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು, ಮುಂದೆ ಗವರ್ನರ್ ಜನರಲ್ಲೂ ಆದರು. 1948ರಲ್ಲಿ ಕಂಪನಿಯ ಹೆಸರು ಬದಲಾಯಿತು. "ಅಂದ್ರ ನಮ್ಮ ಜೀಪಿಗಿ ಈ ಐವಾನ್-ಎ-ಶಾಹಿ ಬಂಗ್ಲಾದ ಸಂಬಂಧ ಅದ. ನಿನ್ನ ಗಾಡಿಗಿ ಏನದ?" ಎಂದು ಗೌಡರು ವಕೀಲರ ಕಡೆ ತಿರುಗುತ್ತಾರೆ. "ನಿಜಾಮರ ಖಜಾನಿ ಖಾಲಿ ಆಗಿದ್ದು ಯಾಕಂತ ಈಗ ಗೊತ್ತಾತು" ಎನ್ನುತ್ತಾರೆ ವಕೀಲರು.

ಚಿಂಚೋಳಿಯ ವೀರೇಂದ್ರ ಪಾಟೀಲರು 1978ರಲ್ಲಿ ಚಿಕ್ಕಮಗಳೂರಿನಲ್ಲಿ ಇಂದಿರಾ ಗಾಂಧಿಯವರ ಎದುರು ಚುನಾವಣೆಗೆ ನಿಂತಾಗ ತಮ್ಮ ತಂದೆಯ ಹಳೆಯ ಜೀಪು ಪ್ರಚಾರಕ್ಕೆ ಅಲ್ಲಿಯವರೆಗೂ ಹೋಗಿತ್ತು ಎಂಬುದು ಗೌಡರ ಇನ್ನೊಂದು ಅಸ್ತ್ರ. ಅದು ಹುಮನಾಬಾದ್ ಕೂಡ ದಾಟಿರಲಿಲ್ಲ ಎಂಬುದು ವಕೀಲರ ಸಾಕ್ಷ್ಯ. ಈ ಮೊಕದ್ದಮೆ ಇನ್ನೂ ಇತ್ಯರ್ಥವಾಗಿಲ್ಲ.

ಮಾತು ಎಷ್ಟಾದರೂ ಮಾತೇ. ವರ್ಷಕ್ಕೊಮ್ಮೆ ಪರೀಕ್ಷೆ ಆಗಲೇಬೇಕು. ನಾಗರ ಪಂಚಮಿ ಕಳೆದ ಮೇಲಿನ ಮೊದಲ ಭಾನುವಾರ, ಮಳೆ ಬಿದ್ದಿದ್ದರೆ, ನಾಲ್ಕೂ ಗಾಡಿಗಳು ಕಮಲಾಪುರದ ಆಚೆ ಗೌಡರ ಹೊಲಕ್ಕೆ ಹೊರಡುತ್ತವೆ. ಸೋತವರು ಎಲ್ಲರಿಗೂ ಕಮಲಾಪುರದ ಕೆಂಪು ಬಾಳೆಹಣ್ಣು ಕೊಡಿಸಬೇಕು. ಭೌಗೋಳಿಕ ಗುರುತು ಪಡೆದ ಈ ಹಣ್ಣು ಅಗ್ಗವಲ್ಲ, ಆದ್ದರಿಂದ ಪಣವೂ ಸಣ್ಣದಲ್ಲ.

ಕಮಲಾಪುರದ ಸುತ್ತ ಕೆಂಪು ಮಣ್ಣೂ ಇದೆ, ಎರೆಯೂ ಇದೆ. ಕೆಂಪು ಮಣ್ಣಿನ ಮೇಲೆ ಗಾಡಿ ಓಡಿಸುವುದು ಪ್ರಾಥಮಿಕ ಶಾಲೆಯ ಪರೀಕ್ಷೆ. ನಿಜವಾದ ಪರೀಕ್ಷೆ ಎರೆಯಲ್ಲಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟುಕೊಂಡು ಕಲ್ಲಿನಂತೆ ಬಿದ್ದಿರುವ ಈ ಕಪ್ಪು ಮಣ್ಣು ನೀರು ಕುಡಿದರೆ ಉಬ್ಬಿ, ನಾದಿದ ಹಿಟ್ಟಿನಂತಾಗುತ್ತದೆ. ತೊಗರಿ ಬೇರಿಗೆ ಅದು ಅಮೃತವಿರಬಹುದು, ಟಯರಿಗೆ ಶತ್ರು. ನಾಲ್ಕು ಸುತ್ತು ತಿರುಗುವುದರೊಳಗೆ ಟಯರಿನ ಹಲ್ಲುಗಳ ಸಂದಿಯೆಲ್ಲ ತುಂಬಿ ಗಾಲಿ ಹೋಳಿಗೆಯ ಕಣಕದ ಉಂಡೆಯಂತೆ ನುಣ್ಣಗಾಗಿಬಿಡುತ್ತದೆ. ಆಮೇಲೆ ಎಂಜಿನ್ನಿಗೆ ಎಷ್ಟು ಕುದುರೆಗಳಿದ್ದರೂ ಒಂದೇ.

ಇಲ್ಲಿಯೇ ನಾಲ್ವರ ಸಿದ್ಧಾಂತಗಳು ಬೇರೆಬೇರೆಯಾಗುವುದು. ವಕೀಲರದು ಹಗುರದ ಸಿದ್ಧಾಂತ. ಅವರ ಜಿಪ್ಸಿಯ ತೂಕ ಒಂದು ಟನ್ನಿನ ಆಸುಪಾಸು. ಭಾರವಿಲ್ಲದ್ದು ಹುಗಿಯುವುದಿಲ್ಲ ಎಂದು ಅವರ ವಾದ. 1990ರ ದಶಕದಲ್ಲಿ ದೇಶದ ರ‍್ಯಾಲಿಗಳಲ್ಲಿ ಜಿಪ್ಸಿಗಳು ಮೆರೆದದ್ದನ್ನು ಅವರು ಪುರಾವೆಯಾಗಿ ಹಾಜರುಪಡಿಸುತ್ತಾರೆ. ಗೌಡರದು ನಿಧಾನದ ಸಿದ್ಧಾಂತ. ಡೀಸೆಲ್ ಎಂಜಿನ್ನಿನ ಬಲ ಇರುವುದು ಕಡಿಮೆ ವೇಗದಲ್ಲಿ. ಲೋ ಗೇರಿಗೆ ಹಾಕಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಕೂತರೆ ಗಾಡಿ ಎತ್ತಿನ ಬಂಡಿಯಂತೆ ತಾನೇ ಹೋಗುತ್ತದೆ ಎನ್ನುತ್ತಾರೆ. ಗೂರ್ಖಾದವರದು ಬೀಗದ ಸಿದ್ಧಾಂತ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಹೋಗಬೇಕಲ್ಲ, ಅದಕ್ಕಾಗಿ ಎರಡು ಗಾಲಿಗಳ ನಡುವೆ ಡಿಫರೆನ್ಷಿಯಲ್ ಎಂಬ ಏರ್ಪಾಡು ಇರುತ್ತದೆ. ಡಾಂಬರು ರಸ್ತೆಯಲ್ಲಿ ಅದು ಉಪಕಾರಿ. ಕೆಸರಿನಲ್ಲಿ ಮಾತ್ರ ಅದು ಸೋಮಾರಿಗೇ ಊಟ ಬಡಿಸಿದ ಹಾಗೆ: ಜಾರುವ ಗಾಲಿ ಸುಮ್ಮನೆ ಗಿರಗಿರ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಗಾಲಿ ಕೈಕಟ್ಟಿ ನಿಲ್ಲುತ್ತದೆ. ಗೂರ್ಖಾದಲ್ಲಿ ಮುಂದೆಯೂ ಹಿಂದೆಯೂ ಇದನ್ನು ಬೀಗ ಹಾಕಿದಂತೆ ಬಿಗಿದುಬಿಡಬಹುದು. "ಸಾಹೇಬ್ರ, ನಿಮ್ಮದು ಹೆಸರಿಗಿ ನಾಕು ಗಾಲಿ. ಖರೆ ನಾಕು ಗಾಲಿ ನಂದೇ" ಎಂದು ಕಾಂಟ್ರಾಕ್ಟರರು ವಿನಯದಿಂದ ಹೇಳುತ್ತಾರೆ. ಡಾಕ್ಟರ್ ಹುಡುಗನದು ಗಾಳಿಯ ಸಿದ್ಧಾಂತ: ಟಯರಿನ ಗಾಳಿ ಅರ್ಧಕ್ಕೆ ಇಳಿಸಿದರೆ ಅದು ಒಂಟೆಯ ಪಾದದಂತೆ ಅಗಲವಾಗುತ್ತದೆ ಎಂದು ಎಲ್ಲೋ ಕಲಿತು ಬಂದಿದ್ದಾನೆ. ಅವನು ಹೇಳಿದ್ದು ಸರಿಯೇ. ಹಿರಿಯರು ಮೊದಲ ವರ್ಷ ನಕ್ಕರು, ಎರಡನೆಯ ವರ್ಷ ಅವನಿಗೆ ಕಾಣದಂತೆ ತಮ್ಮ ಗಾಳಿಯನ್ನೂ ಇಳಿಸಿದರು.

ಬಂಡಿ ಜಾಡಿನಲ್ಲಷ್ಟೇ ಓಡಿಸಬೇಕು, ಬೆಳೆಯ ಒಂದು ಗಿಡವೂ ಮುರಿಯಕೂಡದು ಎಂಬುದು ಗೌಡರು ಹಾಕಿದ ನಿಯಮ. ಚಿಂಚೋಳಿಯ ಕಾಡಿಗೆ ಹೋಗೋಣ, ಹಳ್ಳದ ನೀರಿನಲ್ಲಿ ಇಳಿಸೋಣ ಎಂದು ಹುಡುಗ ಒಮ್ಮೆ ಕೇಳಿದ್ದ. ಅದು 2011ರಿಂದ ವನ್ಯಜೀವಿ ಧಾಮ. "ಅಲ್ಲಿ ತೋಳ ಮರಿ ಹಾಕಿರ್ತದ ಮಗಾ. ನಮ್ಮ ಚೈನಿ ಅವಕ್ಯಾಕ?" ಎಂದರು ಗೌಡರು. ಮಲೆನಾಡಿನ ಹಳ್ಳಕೊಳ್ಳಗಳಲ್ಲಿ ಜೀಪು ನುಗ್ಗಿಸಿ ಅದನ್ನು ಸಾಹಸವೆಂದು ಕರೆದುಕೊಳ್ಳುವ ನಗರದ ಮಂದಿಗೆ ಈ ಮಾತು ಕೇಳಿಸಿದ್ದರೆ ಚೆನ್ನಾಗಿತ್ತು.

ಇಷ್ಟಾಗಿ ಪರೀಕ್ಷೆಯಲ್ಲಿ ಗೆಲ್ಲುವವರು ಯಾರು? ಒಂದು ವರ್ಷ ಜಿಪ್ಸಿ, ಒಂದು ವರ್ಷ ಗೂರ್ಖಾ. ಒಂದು ವರ್ಷವಂತೂ ನಾಲ್ಕೂ ಗಾಡಿಗಳು ಇನ್ನೂರು ಗಜದೊಳಗೆ ಒಂದರ ನಂತರ ಒಂದು ಕೂತವು. ಹುಗಿದುಬಿದ್ದ ಜಿಪ್ಸಿಯನ್ನು ಎಳೆಯಲು ಹೋಗಿ ಜೀಪು ಹುಗಿಯಿತು, ಜೀಪನ್ನು ಎಳೆಯಲು ಹೋಗಿ ಗೂರ್ಖಾ ಹುಗಿಯಿತು, ಥಾರ್ ಬರುತ್ತಲೇ ಜಾರಿ ಬದುವಿಗೆ ಒರಗಿತು. ಪಕ್ಕದ ಹೊಲದ ರೈತ ಜೋಡೆತ್ತು ಹೊಡೆದುಕೊಂಡು ಬಂದು, ಹಗ್ಗ ಕಟ್ಟಿ, ನಾಲ್ಕನ್ನೂ ಒಂದೊಂದಾಗಿ ದಾರಿಗೆ ತಂದು ಬಿಟ್ಟ. ಕೆಂಪು ಬಾಳೆ ಆ ವರ್ಷ ಎತ್ತುಗಳಿಗೆ ಹೋಯಿತು. "ನಾಕೂ ಸೇರಿ ಎಷ್ಟ ರೊಕ್ಕದ್ದು ಅವ್ರಿ ಇವು?" ಎಂದು ರೈತ ಕೇಳಿದ. ಯಾರೂ ಹೇಳಲಿಲ್ಲ.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿದಾಗ ನಾಲ್ಕೂ ಗಾಡಿಗಳು ಅಕ್ಕಿ, ರೊಟ್ಟಿ, ಹೊದಿಕೆ ತುಂಬಿಕೊಂಡು ಆ ಕಡೆ ಹೋಗಿದ್ದವು. ಕಟಿ ರೊಟ್ಟಿಯ ಗಂಟುಗಳನ್ನು ಮನೆಮನೆಯಿಂದ ಕೂಡಿಸಿಕೊಟ್ಟವರು ಬಡಾವಣೆಯ ಹೆಂಗಸರು. ಎಲ್ಲಿ ರಸ್ತೆ ಮುಗಿದು ಎಲ್ಲಿ ಹೊಲ ಶುರುವಾಗುತ್ತದೆಂದು ಕಾಣದ ಕಡೆ ಗೌಡರ ಜೀಪು ಮುಂದೆ. ಆ ದಾರಿಗಳು ಅವರಿಗೆ ಎತ್ತಿನ ಬಂಡಿಯ ಕಾಲದಿಂದ ಗೊತ್ತು. ಉಳಿದ ಮೂರು ಅದರ ಜಾಡು ಹಿಡಿದು ಹಿಂದೆ. ಆ ವಾರವಿಡೀ ಯಾರೂ ಯಾರ ಗಾಡಿಯ ಬಗ್ಗೆಯೂ ಒಂದು ಮಾತಾಡಲಿಲ್ಲವಂತೆ. ಮುಂದಿನ ಭಾನುವಾರ ಬೇವಿನ ಮರದ ಕೆಳಗೆ, ಹೆಚ್ಚು ಚೀಲ ಹೊತ್ತದ್ದು ಯಾರ ಗಾಡಿ ಎಂದು ಮತ್ತೆ ಶುರುವಾಯಿತು.

ಗೌಡರ ಎಡಗಾಲಿನ ಮೊಣಕಾಲು ಕೈಕೊಟ್ಟಿದ್ದು ಅದರ ಮರುವರ್ಷದಿಂದ. ಹಳೆಯ ಜೀಪಿನ ಕ್ಲಚ್ಚು ತುಳಿಯುವುದು ಏತದ ಮೇಲೆ ನಡೆದ ಹಾಗೆ. ಮೊದಮೊದಲು ನೋವು ಮುಚ್ಚಿಟ್ಟುಕೊಂಡು ಬರುತ್ತಿದ್ದರು, ಆಮೇಲೆ ಕೂಲಿಯಾಳಿನ ಮಗನಿಂದ ಓಡಿಸಿಕೊಂಡು ಬರತೊಡಗಿದರು. ಮಕ್ಕಳಲ್ಲಿ ಒಬ್ಬ ಪುಣೆಯಲ್ಲಿ, ಒಬ್ಬ ಬೆಂಗಳೂರಿನಲ್ಲಿ. ಮನೆ ಮುಂದೆ ಕಬ್ಬಿಣ ನಿಲ್ಲಿಸಿಕೊಂಡು ಏನು ಮಾಡುತ್ತೀರಿ ಅಪ್ಪಾ, ಮಾರಿಬಿಡಿ ಎಂದು ಇಬ್ಬರೂ ಫೋನಿನಲ್ಲಿ ಹೇಳಿದರು. ಅವರ ಮಾತಿನಲ್ಲೂ ಅರ್ಥವಿತ್ತು. 2023ಕ್ಕೆ ಜೀಪಿನ ನೋಂದಣಿ ಮತ್ತೆ ಮುಗಿಯುತ್ತಿತ್ತು. ಹದಿನೈದು ವರ್ಷ ದಾಟಿದ ಸ್ವಂತ ಗಾಡಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ಹೊಸದು ಮಾಡಿಸಬೇಕು. 600 ರೂಪಾಯಿಯಿದ್ದ ಆ ಶುಲ್ಕ 2022ರ ಏಪ್ರಿಲಿನಿಂದ 5,000 ಆಗಿತ್ತು. ಮೇಲೆ ಹಸಿರು ತೆರಿಗೆ, ಗಾಡಿಯ ತಪಾಸಣೆ, ಅದಕ್ಕೂ ಮೊದಲು ರಿಪೇರಿ.

ಗಿರಾಕಿಯೂ ಬಂದ. ಹೈದರಾಬಾದ್ ಕಡೆಯವನು, ಎಳೆಯ ವಯಸ್ಸು. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಹಳೆಯ ಜೀಪುಗಳಿಗೆ ಹೊಸ ವೇಷ ಹಾಕುತ್ತಾರಲ್ಲ, ಹಾಗೆ ಇದನ್ನೂ ಕತ್ತರಿಸಿ, ಟ್ರ್ಯಾಕ್ಟರಿನಷ್ಟು ದಪ್ಪದ ಟಯರು ಹಾಕಿ, ಕಿತ್ತಳೆ ಬಣ್ಣ ಬಳಿಯುವ ಯೋಚನೆ ಅವನದು. ಕೊಡಲು ಒಪ್ಪಿದ ಬೆಲೆಯೂ ಕಡಿಮೆಯಲ್ಲ. ಗೌಡರು ಜೀಪಿನ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತಿದ್ದರು.

ಆಗ ವಕೀಲರು ಎದ್ದರು. ಜೀಪಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಗಿರಾಕಿಯ ಹೆಗಲ ಮೇಲೆ ಕೈಯಿಟ್ಟು, ಇಪ್ಪತ್ತೈದು ವರ್ಷಗಳಿಂದ ಹೇಳುತ್ತ ಬಂದದ್ದನ್ನೆಲ್ಲ ಮೊದಲಿನಿಂದ ಹೇಳಿದರು. ಸ್ಟೇರಿಂಗಿನ ಟಪಾಲು, ಮಳೆ ಬಂದರೆ ಹೊರಗಿಗಿಂತ ಒಳಗೇ ಹೆಚ್ಚು ಸೋರುವ ಹೊದಿಕೆ, ಎರಡನೇ ಗೇರು ಎಂದೂ ಒಂದೇ ಸಲಕ್ಕೆ ಬಿದ್ದದ್ದಿಲ್ಲವೆಂಬುದು, ಚಾಸಿಸ್ಸಿನಲ್ಲಿ ಬೆಸುಗೆ ಹಾಕಿದ ಜಾಗ, ಆ ಬೆಸುಗೆ ಯಾವ ವರ್ಷ ಯಾವ ಹಳ್ಳದಲ್ಲಿ ಬಿದ್ದಾಗ ಹಾಕಿಸಿದ್ದು ಎಂಬ ವಿವರ. ಕಂಪನಿ ಕೊಟ್ಟ ರೂಪವನ್ನು ಬದಲಿಸಿದ ಗಾಡಿಯ ನೋಂದಣಿ ನಿಲ್ಲುವುದಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನೂ ಕೊನೆಗೆ ಸೇರಿಸಿದರು. "ನಾ ಇದರ ದುಶ್ಮನ್ ಅಲ್ಲಪ್ಪ, ಗೌಡ ನನ್ನ ಖಾಸಾ ದೋಸ್ತ. ಆದ್ರ ನಿನ್ನಂಥ ಹುಡುಗಗ ಮೋಸ ಆಗಬಾರ್ದು ನೋಡು" ಎಂದರು. ಗಿರಾಕಿ ಚಹಾ ಕೂಡ ಕುಡಿಯದೆ ಹೋದ.

ಗೌಡರ ಮುಖ ಕೆಂಪಾಯಿತು. ಜೀಪಿನ ಮಾನವನ್ನು ಪರಊರಿನವನ ಮುಂದೆ ಕಳೆದದ್ದು ಅವರಿಗೆ ತಡೆಯಲಾಗಲಿಲ್ಲ. ಮೂರು ಭಾನುವಾರ ಅವರು ಬರಲಿಲ್ಲ. ಬೇವಿನ ಮರದ ಕೆಳಗೆ ಅವರ ಜಾಗವನ್ನು ಖಾಲಿ ಬಿಟ್ಟೇ ಉಳಿದವರು ನಿಲ್ಲಿಸುತ್ತಿದ್ದರು. ಆಗಷ್ಟೇ ಜಿಮ್ನಿ ಎಂಬ ಹೊಸ ಗಾಡಿ ಬಂದಿತ್ತು. ಜಿಪ್ಸಿಯ ವಂಶದ್ದು. ವಕೀಲರು ಹೋಗಿ ನೋಡಿ ಬಂದು "ಛಲೋ ಅದ, ಆದ್ರ ಬಾಗ್ಲಾ ಎರಡು ಹೆಚ್ಚಾಗ್ಯಾವ" ಎಂದರು. ಅದಕ್ಕೊಂದು ಕುಹಕದ ಉತ್ತರ ಕೊಡಲು ಅಲ್ಲಿ ಯಾರೂ ಇರಲಿಲ್ಲ. ಕಾಂಟ್ರಾಕ್ಟರರು ಪ್ರಯತ್ನಿಸಿದರು, ಅದು ಹೊಂದಲಿಲ್ಲ.

ನಾಲ್ಕನೆಯ ಶನಿವಾರ ವಕೀಲರು ಕಮಲಾಪುರಕ್ಕೆ ಹೋದರು. ಕೈಯಲ್ಲೊಂದು ಕಡತ. ತಮ್ಮ ಜಿಪ್ಸಿಗೂ ಅದೇ ವರ್ಷ ನೋಂದಣಿ ಮುಗಿದಿದ್ದರಿಂದ ಅರ್ಜಿಗಳ ದಾರಿ ಅವರಿಗೆ ತಿಳಿದಿತ್ತು; ಜೀಪಿನದನ್ನೂ ತಾವೇ ತುಂಬಿಸಿಕೊಂಡು ಬಂದಿದ್ದರು. ಸಹಿ ಮಾಡುವ ಕಡೆ ಪೆನ್ಸಿಲ್ ಗುರುತು ಹಾಕಿತ್ತು. ಗೌಡರು ಕಡತವನ್ನೂ ನೋಡಿದರು, ವಕೀಲರನ್ನೂ ನೋಡಿದರು.

"ಡಬ್ಬಾ ಅಂದೀ ಅಲ್ಲ. ಮತ್ತ ಇದ್ಯಾಕ?"

"ಡಬ್ಬಾನೇ ಅದ. ಆದ್ರ ಇದು ಹೋದ್ರ ಆ ಬೇವಿನ ಗಿಡದ ಬುಡಕ ನನ್ನ ಗಾಡೀನೇ ಎಲ್ಲಕ್ಕಿಂತ ಹಳೀದು ಆಗ್ತದ. ಅದಕ್ಕ ನಾ ತಯಾರಿಲ್ಲ. ಸಹಿ ಮಾಡು."

ತಪಾಸಣೆಯ ದಿನ ಕೂಲಿಯಾಳಿನ ಮಗ ಊರಲ್ಲಿರಲಿಲ್ಲ. ಜೀಪು ಓಡಿಸಿದವರು ವಕೀಲರು. ಪಕ್ಕದಲ್ಲಿ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ಗೌಡರು. ಕಮಲಾಪುರದಿಂದ ಕಲಬುರಗಿಯವರೆಗೂ ಗೇರು ಬದಲಾಯಿಸಿದಾಗಲೆಲ್ಲ ಬಯ್ಗುಳ ನಡೆಯಿತು. ಸಾರಿಗೆ ಕಚೇರಿಯ ಗೇಟಿಗೆ ಸರಿಯಾಗಿ, ಹತ್ತಾರು ಜನ ನೋಡುತ್ತಿರುವಾಗ, ವಕೀಲರು ಕ್ಲಚ್ಚು ಬೇಗ ಬಿಟ್ಟರು. ಜೀಪು ಒಮ್ಮೆ ಜಿಗಿದು ನಿಂತುಬಿಟ್ಟಿತು. ಹಿಂದಿನಿಂದ ಒಂದು ಟಮ್‌ಟಮ್ ಹಾರನ್ ಬಾರಿಸತೊಡಗಿತು.

ಗೌಡರು ನಕ್ಕರು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ. "ಏ ವಕೀಲಾ, ಇದು ಹೊಲಿಗಿ ಮಷೀನ್ ಅಲ್ಲೋ" ಎಂದರು. ವಕೀಲರು ಮಾತಾಡದೆ ಕೀಲಿ ತಿರುವಿದರು. ಎರಡನೇ ಸಲಕ್ಕೆ ಎಂಜಿನ್ನು ಹಿಡಿಯಿತು.